ಪೊರೆ ಬೇರೆ, ಪರದೆ ಬೇರೆ: ಸಕ್ಕರೆ ಕಾಯಿಲೆ, ಸಿಕಲ್ ಸೆಲ್ ಮತ್ತು ಕಣ್ಣಿನ ಆಪರೇಷನ್

(ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ. ಎಂಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಕೆಲವು ವರ್ಷಗಳಿಂದ ಕಣ್ಣಿನ ಒಳಭಾಗದ ಫೋಟೋಗಳನ್ನು ಕಂಪ್ಯೂಟರಿಗೆ ಓದಲು ಕಲಿಸುವ ತಂಡದಲ್ಲಿದ್ದೇನೆ. ದಿನವಿಡೀ ಅವೇ ಫೋಟೋಗಳನ್ನು ನೋಡುತ್ತ, ಕಣ್ಣಿನ ಡಾಕ್ಟರುಗಳ ಜೊತೆ ಮಾತಾಡುತ್ತ, ಅವರು ಓದುವ ಅಧ್ಯಯನಗಳನ್ನು ಓದುತ್ತ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದನ್ನಷ್ಟೇ ನಾನು ಹೇಳಬಲ್ಲೆ.

ನಮ್ಮ ಮನೆಗಳಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆಯ ಆಪರೇಷನ್. ಅಜ್ಜಿಗೆ ಆಗಿರುತ್ತದೆ, ಮಾವನವರಿಗೆ ಆಗಿರುತ್ತದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುತ್ತಾರೆ, ಎರಡು ದಿನಕ್ಕೆ ಟೀವಿ ನೋಡುತ್ತಾರೆ. ಆದರೆ ಪೊರೆ ಬೇರೆ, ಪರದೆ ಬೇರೆ. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಅದು ಮಂಜಾದರೆ ತೆಗೆದು ಬೇರೆ ಲೆನ್ಸ್ ಹಾಕಬಹುದು. ಪರದೆ ಎಂದರೆ ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲ, ಅಂದರೆ ರೆಟಿನಾ. ಅದು ನರಗಳಿಂದಾದದ್ದು, ಮಿದುಳಿನದೇ ಒಂದು ತುಣುಕು ಎನ್ನಬಹುದು. ಅದು ಹಾಳಾದರೆ ಬೇರೆ ಹಾಕಲು ಅಂಗಡಿಯಲ್ಲಿ ಸಿಗುವುದಿಲ್ಲ. ನನ್ನ ಇಂದಿನ ಮಾತೆಲ್ಲ ಈ ಪರದೆಯ ಬಗ್ಗೆ, ಅದನ್ನು ಕೆಡಿಸುವ ಎರಡು ಕಾಯಿಲೆಗಳ ಬಗ್ಗೆ. ಒಂದು, ನಮಗೆಲ್ಲ ಗೊತ್ತಿರುವ ಸಕ್ಕರೆ ಕಾಯಿಲೆ. ಇನ್ನೊಂದು, ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರದ ಸಿಕಲ್ ಸೆಲ್, ಕನ್ನಡದಲ್ಲಿ ಕುಡುಗೋಲು ಕಣ ರೋಗ.

ಸಕ್ಕರೆ ಕಾಯಿಲೆಯ ಲೆಕ್ಕ ಮೊದಲು ನೋಡೋಣ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. 2022ರಲ್ಲಿ ಬಂದ ಇನ್ನೊಂದು ರಾಷ್ಟ್ರಮಟ್ಟದ ಅಧ್ಯಯನ, 40 ದಾಟಿದ ಸಕ್ಕರೆ ರೋಗಿಗಳ ಕಣ್ಣು ನೋಡಿತು. ಅವರಲ್ಲಿ ಶೇ. 12.5 ಮಂದಿಗೆ, ಅಂದರೆ ಎಂಟರಲ್ಲಿ ಒಬ್ಬರಿಗೆ, ಪರದೆಯ ತೊಂದರೆ ಇತ್ತು. ಶೇ. 4 ಮಂದಿಗೆ ಅದು ದೃಷ್ಟಿಯನ್ನೇ ಕಳೆಯುವ ಹಂತಕ್ಕೆ ಬಂದಿತ್ತು. ಇದಕ್ಕೇ ಡಯಾಬಿಟಿಕ್ ರೆಟಿನೋಪಥಿ ಎನ್ನುತ್ತಾರೆ. ಇದರಲ್ಲಿ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಬಹಳ ಕಾಲ ಮಂಜೂ ಆಗುವುದಿಲ್ಲ. ಕಾಣುತ್ತಿದೆ ಎಂಬ ಒಂದೇ ಕಾರಣಕ್ಕೆ ಪರದೆ ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ.

ಒಳಗೆ ನಡೆಯುವುದು ಇಷ್ಟು. ಹೆಚ್ಚು ಸಕ್ಕರೆ ಇರುವ ರಕ್ತ ವರ್ಷಗಟ್ಟಲೆ ಹರಿದು ಪರದೆಯ ಕೂದಲೆಳೆಯಂಥ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಕೆಲವು ಕಡೆ ಸೋರುತ್ತದೆ, ಕೆಲವು ಕಡೆ ಮುಚ್ಚಿಹೋಗುತ್ತದೆ. ಸೋರಿದ ನೀರು ಪರದೆಯ ನಡುಭಾಗವಾದ ಮ್ಯಾಕುಲಾದಲ್ಲಿ ನಿಂತರೆ ಓದುವುದು ಕಷ್ಟ. ನಾಳ ಮುಚ್ಚಿದ ಕಡೆ ಆಮ್ಲಜನಕ ಸಿಗದ ಪರದೆ, ಹೊಸ ರಕ್ತನಾಳ ಬೇಕು ಎಂದು ಒಂದು ರಾಸಾಯನಿಕದ ಮೂಲಕ ಕರೆ ಕಳಿಸುತ್ತದೆ. ವಿಇಜಿಎಫ್ ಎಂಬುದು ಆ ರಾಸಾಯನಿಕದ ಹೆಸರು. ಕರೆ ಕೇಳಿ ಹೊಸ ನಾಳಗಳು ಬೆಳೆಯುತ್ತವೆ. ಆದರೆ ಅವು ತೀರ ದುರ್ಬಲ, ಬೆಳೆಯುವ ಜಾಗವೂ ತಪ್ಪು. ಕಣ್ಣಿನ ಒಳಗೆ ತುಂಬಿರುವ, ಮೊಟ್ಟೆಯ ಬಿಳಿಯಂಥ ವಿಟ್ರಿಯಸ್ ಲೋಳೆಯ ಮೇಲೆ ಹಬ್ಬುತ್ತವೆ. ಒಂದು ದಿನ ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಅವುಗಳ ಜೊತೆ ಬೆಳೆದ ನಾರು, ಒಣಗುವ ಹಪ್ಪಳ ಸುರುಟಿಕೊಳ್ಳುವಂತೆ ಕುಗ್ಗಿ, ಪರದೆಯನ್ನೇ ಗೋಡೆಯಿಂದ ಎಳೆದು ಕೀಳುತ್ತದೆ.

ಇನ್ನು ಸಿಕಲ್ ಸೆಲ್. ಇದು ಹುಟ್ಟಿನಿಂದ ಬರುವ ರಕ್ತದ ಕಾಯಿಲೆ. 1910ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಎಂಬ ಡಾಕ್ಟರು ರೋಗಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡು ಬರೆದರು. ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಡೀ ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ತಪ್ಪು. ಆಮ್ಲಜನಕ ಕಡಿಮೆಯಾದಾಗ, ಮೈಯಲ್ಲಿ ನೀರು ಕಡಿಮೆಯಾದಾಗ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸರಳಿನಂತಾಗುತ್ತದೆ. ದುಂಡಗಿದ್ದ ಕಣ ಬಾಗಿ ಬಿಗಿಯಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಬೀಳುತ್ತದೆ. ಮೂಳೆಯಲ್ಲಿ ಸಿಕ್ಕರೆ ಸಹಿಸಲಾಗದ ನೋವು. ಕಣ್ಣಿನಲ್ಲಿ ಸಿಕ್ಕರೆ ನೋವೇ ಇಲ್ಲ, ಆದರೆ ಪರದೆಯ ಅಂಚಿನ ನಾಳಗಳು ಮುಚ್ಚುತ್ತವೆ.

ತಂದೆ ತಾಯಿ ಇಬ್ಬರಿಂದಲೂ ಈ ಗುಣ ಬಂದರೆ ಕಾಯಿಲೆ. ಒಬ್ಬರಿಂದ ಬಂದರೆ ವಾಹಕರು ಮಾತ್ರ, ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಮಲೇರಿಯಾ ಹೆಚ್ಚಿದ್ದ ಪ್ರದೇಶಗಳಲ್ಲಿ ವಾಹಕರಿಗೆ ಅದರಿಂದ ರಕ್ಷಣೆ ಸಿಕ್ಕಿದ್ದರಿಂದಲೇ ಈ ಗುಣ ತಲೆಮಾರುಗಳಿಂದ ಉಳಿದುಬಂದಿದೆ ಎಂದು 1954ರಲ್ಲಿ ಆಂಥನಿ ಆಲಿಸನ್ ತೋರಿಸಿದರು.

ಇದೆಲ್ಲ ಆಫ್ರಿಕಾದ ಕಥೆ, ನಮಗೇಕೆ ಎನ್ನಬೇಡಿ. ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯಲ್ಲಿ. ನಾವಿರುವ ಮಹಾರಾಷ್ಟ್ರದಲ್ಲಿ ನಂದುರ್‌ಬಾರ್, ಪಾಲ್ಘರ್, ಗಡ್‌ಚಿರೋಲಿ, ನಾಗ್ಪುರದ ಕಡೆ ಇದೆ. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಜೇನು ಕುರುಬ, ಸೋಲಿಗರಂಥ ಸಮುದಾಯಗಳಲ್ಲಿದೆ. ಬುಡಕಟ್ಟಿನವರಿಗಷ್ಟೇ ಸೀಮಿತವೂ ಅಲ್ಲ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನಾ ಅಭಿಯಾನ ಆರಂಭಿಸಿತು. ಏಳು ಕೋಟಿ ಜನರ ರಕ್ತ ಪರೀಕ್ಷೆ, 2047ರೊಳಗೆ ನಿರ್ಮೂಲನೆ ಎಂಬುದು ಅದರ ಗುರಿ. ಈ ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ನಗರಕ್ಕೆ ಬಂದವರು ನಮ್ಮ ಸುತ್ತಲೇ ಇದ್ದಾರೆ. ನಮ್ಮ ಅಪಾರ್ಟ್‌ಮೆಂಟು ಕಟ್ಟಿದವರಲ್ಲಿ, ನಮ್ಮ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಲ್ಲಿ, ನಮ್ಮ ಆಫೀಸಿನ ಸಹೋದ್ಯೋಗಿಗಳಲ್ಲಿ ಇರಬಹುದು. ಔಷಧ ಸುಧಾರಿಸಿ ಸಿಕಲ್ ಸೆಲ್ ಇರುವವರು ಈಗ ಹೆಚ್ಚು ವರ್ಷ ಬದುಕುತ್ತಿದ್ದಾರೆ. ನಡುವಯಸ್ಸು ಬಂದಂತೆ ಉಳಿದವರಿಗೆ ಬರುವ ಸಕ್ಕರೆ ಕಾಯಿಲೆ ಅವರಿಗೂ ಬರುತ್ತದೆ. ಎರಡೂ ಒಂದೇ ಕಣ್ಣಿನಲ್ಲಿ ಸೇರುವುದು ಹೀಗೆ.

ಸಿಕಲ್ ಸೆಲ್‌ನಲ್ಲಿ ಕಣ್ಣು ಕೆಡುವ ಹಂತಗಳನ್ನು 1971ರಲ್ಲಿ ಮಾರ್ಟನ್ ಗೋಲ್ಡ್‌ಬರ್ಗ್ ಎಂಬ ಅಮೆರಿಕದ ತಜ್ಞರು ಐದಾಗಿ ವಿಂಗಡಿಸಿದರು. ಮೊದಲು ಅಂಚಿನ ನಾಳ ಮುಚ್ಚುವುದು, ಆಮೇಲೆ ಅಪಧಮನಿ ಅಭಿಧಮನಿಗಳ ನಡುವೆ ಅಡ್ಡದಾರಿ ಆಗುವುದು, ಮೂರನೆಯದು ಹೊಸ ನಾಳ, ನಾಲ್ಕನೆಯದು ಕಣ್ಣೊಳಗೆ ರಕ್ತ, ಐದನೆಯದು ಪರದೆ ಕಳಚುವುದು. ಮೂರನೆಯ ಹಂತದ ಹೊಸ ನಾಳಗಳು ಸಮುದ್ರದಲ್ಲಿರುವ ಬೀಸಣಿಗೆಯಾಕಾರದ ಹವಳದಂತೆ ಕಾಣುವುದರಿಂದ ಡಾಕ್ಟರುಗಳು ಅವನ್ನು ‘ಸೀ ಫ್ಯಾನ್’ ಎನ್ನುತ್ತಾರೆ. ಕೊನೆಯ ಮೂರು ಹಂತಗಳು ಸಕ್ಕರೆ ಕಾಯಿಲೆಯದರಂತೆಯೇ ಇವೆ, ನೋಡಿ. ದಾರಿ ಎರಡು, ಮುಟ್ಟುವ ಊರು ಒಂದೇ.

ಆದರೆ ವ್ಯತ್ಯಾಸಗಳಿವೆ, ಆಪರೇಷನ್ನಿನ ಫಲಿತಾಂಶ ಬದಲಾಗುವುದು ಅಲ್ಲಿಯೇ.

ಮೊದಲನೆಯದು ಜಾಗ. ಸಕ್ಕರೆ ಕಾಯಿಲೆ ಹೆಚ್ಚಾಗಿ ಪರದೆಯ ನಡುಭಾಗದಲ್ಲಿ, ಕಣ್ಣಿನ ನರದ ಸುತ್ತ ಕೆಡಿಸುತ್ತದೆ. ಸಿಕಲ್ ಸೆಲ್ ದೂರದ ಅಂಚಿನಲ್ಲಿ ಕೆಡಿಸುತ್ತದೆ.

ಎರಡನೆಯದು ವಯಸ್ಸು. ಸಿಕಲ್ ಸೆಲ್‌ನಲ್ಲಿ ಇದು ಯೌವನದಲ್ಲೇ ಬರುತ್ತದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಗ್ರಹಾಂ ಸರ್ಜೆಂಟ್ ಅವರ ತಂಡ 1973ರಿಂದ 1981ರವರೆಗೆ ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, ಕಾಯಿಲೆ ಇದ್ದವರನ್ನು ದೊಡ್ಡವರಾಗುವವರೆಗೂ ನೋಡುತ್ತ ಬಂತು. 24ರಿಂದ 26 ವರ್ಷದ ಹೊತ್ತಿಗೆ, ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಗುಣ ಪಡೆದವರಲ್ಲಿ ಶೇ. 14 ಮಂದಿಗೆ ಹೊಸ ನಾಳಗಳು ಬೆಳೆದಿದ್ದವು. ಸಿಕಲ್ ಗುಣದ ಜೊತೆ ಹಿಮೋಗ್ಲೋಬಿನ್ ‘ಸಿ’ ಎಂಬ ಇನ್ನೊಂದು ರೂಪ ಸೇರಿದವರಲ್ಲಿ ಶೇ. 43 ಮಂದಿಗೆ ಬೆಳೆದಿದ್ದವು. ವಿಚಿತ್ರವೆಂದರೆ ಈ ಎರಡನೆಯ ಗುಂಪಿನವರಿಗೆ ಮೈಯ ಕಾಯಿಲೆ ಸೌಮ್ಯ, ನೋವಿನ ಕಾಟ ಕಡಿಮೆ. ಮೈಗೆ ಸೌಮ್ಯವಾದದ್ದು ಕಣ್ಣಿಗೂ ಸೌಮ್ಯ ಎಂದುಕೊಳ್ಳಬಾರದು. ಈ ‘ಸಿ’ ರೂಪ ನಮ್ಮಲ್ಲಿ ಅಪರೂಪ. ಆದರೆ ಸಿಕಲ್ ಗುಣ ಥಲಸೀಮಿಯಾ ಜೊತೆ ಸೇರುವುದು ನಮ್ಮಲ್ಲಿ ಇದೆ, ಅವರಿಗೂ ಕಣ್ಣಿನ ಪರೀಕ್ಷೆ ಬೇಕು.

ಮೂರನೆಯದು, ಸೀ ಫ್ಯಾನ್‌ಗಳಲ್ಲಿ ಒಂದಷ್ಟು ತಾವಾಗಿಯೇ ಒಣಗಿಹೋಗುತ್ತವೆ. ಹಾಗಾಗಿ ಸಿಕಲ್ ಸೆಲ್‌ನಲ್ಲಿ ಡಾಕ್ಟರು ‘ಸ್ವಲ್ಪ ಕಾದು ನೋಡೋಣ’ ಎಂದರೆ ಅದಕ್ಕೆ ಅರ್ಥವಿದೆ. ಸಕ್ಕರೆ ಕಾಯಿಲೆಯವರು ಅದೇ ಮಾತನ್ನು ತಮಗೆ ತಾವೇ ಹೇಳಿಕೊಂಡು ಮನೆಯಲ್ಲಿ ಕೂತರೆ ಕಣ್ಣು ಹೋಗುತ್ತದೆ.

ಚಿಕಿತ್ಸೆಗೆ ಬರೋಣ. ಮೂರು ಇವೆ: ಲೇಸರ್, ಇಂಜೆಕ್ಷನ್, ಆಪರೇಷನ್.

ಲೇಸರ್ ಎಂದರೆ ಹಸಿದು ಕರೆ ಕಳಿಸುತ್ತಿರುವ ಪರದೆಯ ಅಂಚಿನ ಭಾಗವನ್ನು ಬೆಳಕಿನಿಂದ ಚುಕ್ಕಿ ಚುಕ್ಕಿಯಾಗಿ ಸುಟ್ಟು, ನಡುಭಾಗವನ್ನು ಉಳಿಸಿಕೊಳ್ಳುವುದು. 1970ರ ದಶಕದಲ್ಲಿ ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಸಕ್ಕರೆ ರೋಗಿಗಳ ಮೇಲೆ ದೊಡ್ಡ ಪ್ರಯೋಗವೊಂದು ನಡೆಯಿತು. ಪ್ರತಿಯೊಬ್ಬರ ಒಂದು ಕಣ್ಣಿಗೆ ಲೇಸರ್ ಅಥವಾ ಅಂಥದೇ ಬೆಳಕಿನ ಚಿಕಿತ್ಸೆ, ಇನ್ನೊಂದು ಕಣ್ಣನ್ನು ಹಾಗೇ ಬಿಟ್ಟು ನೋಡಿದರು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತಲೂ ಕಡಿಮೆಯಾಯಿತು. ಸಿಕಲ್ ಸೆಲ್‌ನವರಲ್ಲೂ ಲೇಸರಿನಿಂದ ಕಣ್ಣೊಳಗಿನ ರಕ್ತಸ್ರಾವ ಕಡಿಮೆಯಾಗುತ್ತದೆ ಎಂದು ಆಮೇಲೆ ತಿಳಿಯಿತು.

ಇಂಜೆಕ್ಷನ್ ಎಂದರೆ ಆ ವಿಇಜಿಎಫ್ ಕರೆಯನ್ನು ತಡೆಯುವ ಔಷಧವನ್ನು ನೇರ ಕಣ್ಣೊಳಗೆ ಹಾಕುವುದು. ಕೇಳಲು ಭಯ, ಆದರೆ ಮರಗಟ್ಟಿಸುವ ಹನಿ ಹಾಕಿ ನಿಮಿಷಗಳಲ್ಲಿ ಮುಗಿಸುತ್ತಾರೆ. ಎರಡು ವರ್ಷದ ಫಲಿತಾಂಶ ನೋಡಿದರೆ ಇದು ಲೇಸರಿಗಿಂತ ಕಡಿಮೆಯೇನಲ್ಲ ಎಂದು 2015ರ ಒಂದು ಪ್ರಯೋಗ ತೋರಿಸಿತು. ಆದರೆ ಇದರ ಪರಿಣಾಮ ಕೆಲವು ವಾರಗಳಷ್ಟೇ ಇರುತ್ತದೆ. ಬರೀ ಇಂಜೆಕ್ಷನ್ ಮೇಲೆ ನಿಂತವರು ನಡುವೆ ತಪ್ಪಿಸಿದರೆ, ಲೇಸರ್ ಮಾಡಿಸಿಕೊಂಡು ತಪ್ಪಿಸಿದವರಿಗಿಂತ ಅವರ ಕಣ್ಣಿನ ಗತಿ ಕೆಟ್ಟದಾಗುತ್ತದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವವರಿದ್ದರೆ, ಪ್ರತಿ ತಿಂಗಳ ಖರ್ಚು ಕಷ್ಟವಾಗುವುದಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಅದರಲ್ಲಿ ನಾಚಿಕೆಯೇನಿಲ್ಲ. ಚಿಕಿತ್ಸೆ ಆರಿಸಲು ಅದೂ ಬೇಕಾದ ವಿಷಯವೇ.

ಮೂರನೆಯದು ಆಪರೇಷನ್, ವಿಟ್ರೆಕ್ಟಮಿ. 1970ರ ಸುಮಾರಿಗೆ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಎಂಬವರು ಇದನ್ನು ರೂಪಿಸಿದರು. ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ತೂತುಗಳನ್ನು ಮಾಡಿ, ರಕ್ತ ತುಂಬಿದ ಲೋಳೆಯನ್ನು ಕತ್ತರಿಸಿ ಹೀರಿ ತೆಗೆದು, ಪರದೆಯನ್ನು ಎಳೆಯುತ್ತಿರುವ ನಾರನ್ನು ಬಿಡಿಸುವುದು. ಕಳಚಿದ ಪರದೆ ಮತ್ತೆ ಗೋಡೆಗೆ ಕೂರಲು ಒಳಗೆ ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ.

ಯಾವಾಗ ಮಾಡಬೇಕು ಎಂಬ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಬಂದದ್ದು 1985ರಲ್ಲಿ. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ತೀವ್ರ ರಕ್ತಸ್ರಾವವಾದವರಲ್ಲಿ ಅರ್ಧ ಮಂದಿಗೆ ಬೇಗ ಆಪರೇಷನ್ ಮಾಡಿದರು, ಉಳಿದವರಿಗೆ ಒಂದು ವರ್ಷ ಕಾದರು. ಎರಡು ವರ್ಷದ ನಂತರ ಬೇಗ ಮಾಡಿಸಿಕೊಂಡವರಲ್ಲಿ ಶೇ. 25 ಮಂದಿಗೆ ಒಳ್ಳೆಯ ದೃಷ್ಟಿ ಸಿಕ್ಕಿತ್ತು, ಕಾದವರಲ್ಲಿ ಶೇ. 15 ಮಂದಿಗೆ. ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1 ಕಾಯಿಲೆಯವರಲ್ಲಿ ಅಂತರ ಇನ್ನೂ ದೊಡ್ಡದು: 36 ಮತ್ತು 12. ಅಂದಿನಿಂದ ಉಪಕರಣಗಳು ಬಹಳ ಸುಧಾರಿಸಿವೆ, ಫಲಿತಾಂಶವೂ ಸುಧಾರಿಸಿದೆ. ಬರೀ ರಕ್ತ ತುಂಬಿದ್ದು, ಪರದೆಯ ನಡುಭಾಗವನ್ನು ನಾರು ಎಳೆಯುತ್ತಿಲ್ಲ ಎಂದಾದರೆ, ಇಂಜೆಕ್ಷನ್ನಿನಿಂದ ಶುರು ಮಾಡಿದರೂ ಆಪರೇಷನ್ನಿನಿಂದ ಶುರು ಮಾಡಿದರೂ ಆರು ತಿಂಗಳಲ್ಲಿ ಸರಾಸರಿ ದೃಷ್ಟಿ ಹೆಚ್ಚುಕಡಿಮೆ ಒಂದೇ ಎಂದು 2020ರ ಪ್ರಯೋಗ ಹೇಳಿದೆ. ಆಪರೇಷನ್ ಆದವರಿಗೆ ಬೇಗ ತಿಳಿಯಾಯಿತು, ಅಷ್ಟೇ.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ಹುಬ್ಬಳ್ಳಿಯಲ್ಲಿರುವ ನನ್ನ ಮೌಶಿಗೆ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಬಲಗಣ್ಣಿಗೆ ರಕ್ತ ಇಳಿದಾಗ ‘ತಾನ ಕರಗತದ’ ಎಂದು ಯಾರೋ ಹೇಳಿದ್ದನ್ನು ನಂಬಿ, ಮಗನ ಮದುವೆಯೂ ಮುಗಿಯಲಿ ಎಂದು ತಿಂಗಳುಗಟ್ಟಲೆ ಬಿಟ್ಟರು. ಆಪರೇಷನ್ ಆಗುವ ಹೊತ್ತಿಗೆ ನಾರು ಪರದೆಯ ನಡುಭಾಗವನ್ನೇ ಎಳೆದಿತ್ತು. ಸರ್ಜನ್ ಚೆನ್ನಾಗಿಯೇ ಮಾಡಿದರು, ಪರದೆ ಕೂತಿತು. ಆದರೆ ಆ ಕಣ್ಣಿಗೆ ಕೈ ಆಡಿಸಿದ್ದು ಗೊತ್ತಾಗುತ್ತದೆ, ಮುಖ ಗುರುತು ಸಿಗುವುದಿಲ್ಲ. ಕಾಕಾ ನನಗೆ ಫೋನು ಮಾಡಿ ಕೇಳಿದರು: “ಡಾಕ್ಟರು ಆಪರೇಷನ್ ಛಲೋ ಆಗೇದ ಅಂತಾರ, ಇಕಿ ಕಾಣಸಂಗಿಲ್ಲ ಅಂತಾಳ. ಯಾರ ಮಾತು ನಂಬಬೇಕವಾ?”

ಇಬ್ಬರ ಮಾತೂ ನಿಜ. ಪರದೆಯ ಆಪರೇಷನ್ನಿನಲ್ಲಿ ಯಶಸ್ಸು ಎಂಬುದಕ್ಕೆ ಎರಡು ಅರ್ಥ. ಪರದೆ ಗೋಡೆಗೆ ಕೂರುವುದು ಒಂದು. ಕೂತ ಪರದೆ ಮತ್ತೆ ನೋಡುವುದು ಇನ್ನೊಂದು. ಮೊದಲನೆಯದು ಸರ್ಜನ್ ಕೈಯಲ್ಲಿದೆ. ಎರಡನೆಯದು, ಆಪರೇಷನ್ನಿಗೆ ಮೊದಲು ಆ ಪರದೆ ಎಷ್ಟು ಕಾಲ ಹಸಿದಿತ್ತು, ನಡುಭಾಗ ಎಷ್ಟು ಕಾಲ ಕಳಚಿತ್ತು ಎಂಬುದರ ಮೇಲಿದೆ. ಮೌಶಿಯ ಎಡಗಣ್ಣಿಗೆ ಆಗಲೇ ಲೇಸರ್ ಮಾಡಿದರು. ಆ ಕಣ್ಣಿನಿಂದ ಇಂದಿಗೂ ಅಕ್ಕಿ ಆರಿಸುತ್ತಾರೆ, ಪೇಪರ್ ಓದುತ್ತಾರೆ. ಒಂದೇ ಮೈ, ಒಂದೇ ರಕ್ತ, ಎರಡು ಕಣ್ಣಿಗೆ ಎರಡು ಫಲಿತಾಂಶ. ಆದ್ದರಿಂದ ಡಾಕ್ಟರನ್ನು ‘ಆಪರೇಷನ್ ಯಶಸ್ವಿಯಾಗುತ್ತದಾ’ ಎಂದು ಕೇಳಬೇಡಿ. ‘ಪರದೆ ಕೂರುವ ಸಾಧ್ಯತೆ ಎಷ್ಟು, ಕೂತ ಮೇಲೆ ಎಷ್ಟು ಕಾಣಬಹುದು, ಮಾಡಿಸದಿದ್ದರೆ ಏನಾಗುತ್ತದೆ’ ಎಂದು ಮೂರು ಪ್ರಶ್ನೆ ಕೇಳಿ.

ಸಿಕಲ್ ಸೆಲ್ ಇರುವವರಿಗೆ ಇದೇ ಆಪರೇಷನ್ ಮಾಡುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ರಕ್ತ ಸಿಗದೆ ತೆಳ್ಳಗಾದ ಅಂಚಿನ ಪರದೆ ಒದ್ದೆ ಕಾಗದದಂತೆ, ನಾರು ಬಿಡಿಸುವಾಗ ಹರಿಯುತ್ತದೆ. ಕಳಚಿದ ಪರದೆಗೆ ಕಣ್ಣಿನ ಸುತ್ತ ಹೊರಗಿನಿಂದ ಪಟ್ಟಿ ಬಿಗಿಯುವ ಹಳೆಯ ಪದ್ಧತಿಯೊಂದಿದೆ. ಸಿಕಲ್ ಸೆಲ್‌ನವರಿಗೆ ಅದರಿಂದ ಕಣ್ಣಿನ ಮುಂಭಾಗಕ್ಕೇ ರಕ್ತ ನಿಂತು ಕಣ್ಣು ಹೋಗುವ ಅಪಾಯ ಇರುವುದು 1970ರ ದಶಕದಲ್ಲೇ ಗೊತ್ತಾಯಿತು. ಹಾಗಾಗಿ ಸಾಧ್ಯವಾದಷ್ಟು ಅದನ್ನು ಬಿಟ್ಟು ವಿಟ್ರೆಕ್ಟಮಿ ಮಾಡುತ್ತಾರೆ. ಕಣ್ಣಿನ ಒತ್ತಡ ಸ್ವಲ್ಪ ಏರಿದರೂ ಬಾಗಿದ ಕಣಗಳು ನಾಳ ಮುಚ್ಚಿ ಕಣ್ಣಿನ ನರಕ್ಕೆ ಏಟು ಬೀಳುತ್ತದೆ. ಒತ್ತಡ ಇಳಿಸಲು ಸಾಮಾನ್ಯವಾಗಿ ಕೊಡುವ ಅಸೆಟಜೋಲಮೈಡ್ ಮಾತ್ರೆ ರಕ್ತದ ಆಮ್ಲತೆ ಹೆಚ್ಚಿಸಿ ಕಣಗಳು ಇನ್ನಷ್ಟು ಬಾಗುವಂತೆ ಮಾಡಬಹುದು, ಅದನ್ನೂ ಯೋಚಿಸಿ ಕೊಡಬೇಕು. ಚೆಂಡು ಬಡಿದು ಕಣ್ಣಿನ ಮುಂಭಾಗದಲ್ಲಿ ರಕ್ತ ನಿಂತರೆ, ಬರೀ ವಾಹಕರಾಗಿರುವವರಿಗೂ ಈ ಅಪಾಯ ಇದೆ. ‘ವಾಹಕರಿಗೆ ಏನೂ ಆಗುವುದಿಲ್ಲ’ ಎಂಬ ಮಾತು ಕಣ್ಣಿನ ಮಟ್ಟಿಗೆ ಪೂರ್ತಿ ನಿಜವಲ್ಲ.

ಆಪರೇಷನ್ ಥಿಯೇಟರಿನ ಚಳಿ, ಉಪವಾಸದಿಂದ ಮೈಯಲ್ಲಿ ನೀರು ಕಡಿಮೆಯಾಗುವುದು, ಆಮ್ಲಜನಕ ಇಳಿಯುವುದು, ಈ ಮೂರೂ ಕಣಗಳನ್ನು ಬಾಗಿಸುತ್ತವೆ. ಆದ್ದರಿಂದ ಮೊದಲೇ ಡ್ರಿಪ್, ಬೆಚ್ಚಗಿನ ಹೊದಿಕೆ, ಆಮ್ಲಜನಕ ಬೇಕು. ಕೆಲವರಿಗೆ ಮೊದಲೇ ರಕ್ತ ಕೊಡಬೇಕಾಗಬಹುದು. ಇತರ ಆಪರೇಷನ್‌ಗಳ ಬಗ್ಗೆ 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೊದಲೇ ರಕ್ತ ಪಡೆದ ಸಿಕಲ್ ಸೆಲ್ ರೋಗಿಗಳಲ್ಲಿ ಶೇ. 15 ಮಂದಿಗೆ ತೊಡಕಾಯಿತು, ಪಡೆಯದವರಲ್ಲಿ ಶೇ. 39 ಮಂದಿಗೆ. ಕಣ್ಣಿನ ಆಪರೇಷನ್ ಹೆಚ್ಚಾಗಿ ಕಣ್ಣಿನ ಸುತ್ತ ಮರಗಟ್ಟಿಸಿ ಮಾಡುವುದರಿಂದ ಎಲ್ಲರಿಗೂ ಅದು ಬೇಕಿಲ್ಲ. ರಕ್ತದ ತಜ್ಞರು, ಅರಿವಳಿಕೆ ಡಾಕ್ಟರು, ಕಣ್ಣಿನ ಸರ್ಜನ್ ಮೂವರೂ ಮಾತಾಡಿಕೊಂಡು ನಿರ್ಧರಿಸಬೇಕಾದದ್ದು ಅದು. ಅವರು ಮಾತಾಡಿಕೊಳ್ಳಬೇಕಾದರೆ ಮೊದಲು ಸಿಕಲ್ ಸೆಲ್ ಇದೆ ಎಂದು ಯಾರಾದರೂ ಹೇಳಬೇಕಲ್ಲ? ಅಭಿಯಾನದಲ್ಲಿ ಪರೀಕ್ಷೆಯಾದವರಿಗೆ ಕೊಡುವ ಕಾರ್ಡನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಕು.

ಈಗ ಎರಡು ಕಾಯಿಲೆ ಒಟ್ಟಿಗಿರುವವರಿಗೆ ಬೀಳುವ ದೊಡ್ಡ ಮೋಸದ ವಿಷಯ. ಸಕ್ಕರೆ ಕಾಯಿಲೆಯವರಿಗೆಲ್ಲ ಗೊತ್ತಿರುವ ಪರೀಕ್ಷೆ ಎಚ್‌ಬಿಎ1ಸಿ, ಮೂರು ತಿಂಗಳ ಶುಗರ್ ಲೆಕ್ಕ. ಇದು ಅಳೆಯುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಕಣ ಸುಮಾರು 120 ದಿನ ಬದುಕುತ್ತದೆ ಎಂಬುದೇ ಆ ಲೆಕ್ಕದ ಬುನಾದಿ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕಣ ಬದುಕುವುದು ಸುಮಾರು 10ರಿಂದ 20 ದಿನ. ಸಕ್ಕರೆ ಅಂಟಿಕೊಳ್ಳುವುದಕ್ಕೂ ಪುರುಸೊತ್ತಿಲ್ಲ. ರಕ್ತದಲ್ಲಿ ಸಕ್ಕರೆ ಏರಿದ್ದರೂ ವರದಿಯಲ್ಲಿ ಕಡಿಮೆ ತೋರುತ್ತದೆ. ಮನೆಯವರೆಲ್ಲ ‘ಶುಗರ್ ಕಂಟ್ರೋಲಿನಲ್ಲಿದೆ’ ಎಂದು ಸಮಾಧಾನದಲ್ಲಿರುತ್ತಾರೆ, ಪರದೆ ಕೆಡುತ್ತಲೇ ಇರುತ್ತದೆ. ಬರೀ ವಾಹಕರಲ್ಲೂ ಈ ಅಂಕಿ ಸುಮಾರು 0.3ರಷ್ಟು ಕಡಿಮೆ ತೋರುವುದನ್ನು 2017ರಲ್ಲಿ ಅಮೆರಿಕದ ಅಧ್ಯಯನವೊಂದು ಕಂಡಿತು. ಅಂಥವರು ಬೆರಳು ಚುಚ್ಚಿ ನೋಡುವ ಶುಗರ್, ಫ್ರಕ್ಟೋಸಮೈನ್ ಎಂಬ ಇನ್ನೊಂದು ಪರೀಕ್ಷೆ, ಅಥವಾ ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಬಗ್ಗೆ ಡಾಕ್ಟರನ್ನು ಕೇಳಬೇಕು.

ಇಂಥದೇ ಇನ್ನೊಂದು ಮೋಸ ನನ್ನ ಕೆಲಸದ ಕಡೆಯಿಂದ. 2016ರಲ್ಲಿ ಗೂಗಲ್ ಸಂಶೋಧಕರು ನಮ್ಮ ದೇಶದ ಅರವಿಂದ್, ಶಂಕರ ನೇತ್ರಾಲಯದಂಥ ಕಣ್ಣಾಸ್ಪತ್ರೆಗಳ ನೆರವಿನಿಂದ 1,28,000 ಫೋಟೋಗಳಲ್ಲಿ ಕಂಪ್ಯೂಟರಿಗೆ ಡಯಾಬಿಟಿಕ್ ರೆಟಿನೋಪಥಿ ಗುರುತಿಸಲು ಕಲಿಸಿದರು. ಅದು ತಜ್ಞರಷ್ಟೇ ಚೆನ್ನಾಗಿ ಗುರುತಿಸಿತು. ಇಂದು ಶಿಬಿರಗಳಲ್ಲಿ ಕ್ಯಾಮೆರಾ ಹಿಡಿದು ಫೋಟೋ ತೆಗೆದು ‘ತೊಂದರೆ ಇಲ್ಲ’ ಎಂದು ಮೆಷಿನ್ನೇ ಹೇಳುತ್ತದೆ. ಒಳ್ಳೆಯದೇ. ನಾನು ಅದರಿಂದಲೇ ಸಂಬಳ ಪಡೆಯುವವಳು. ಆದರೆ ಆ ಕ್ಯಾಮೆರಾ ನೋಡುವುದು ಸುಮಾರು 45 ಡಿಗ್ರಿ, ಅಂದರೆ ಪರದೆಯ ನಡುಭಾಗ ಮಾತ್ರ. ಸಕ್ಕರೆ ಕಾಯಿಲೆಗೆ ಹೆಚ್ಚಾಗಿ ಅದು ಸಾಕು. ಸಿಕಲ್ ಸೆಲ್‌ನ ಹಾನಿ ಇರುವುದು ಅಂಚಿನಲ್ಲಿ, ಫೋಟೋದ ಹೊರಗೆ. ಹೊಸ್ತಿಲಲ್ಲಿ ನಿಂತು ಪಡಸಾಲೆ ನೋಡಿ, ಹಿತ್ತಲಿನ ಬಾಗಿಲು ಭದ್ರವಾಗಿದೆ ಎಂದು ಹೇಳಿದ ಹಾಗೆ. ಮೆಷಿನ್ ಸುಳ್ಳು ಹೇಳಲಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ. ಸಿಕಲ್ ಸೆಲ್ ಇರುವವರು ಹನಿ ಹಾಕಿ ಪಾಪೆ ಅಗಲಿಸಿ ಅಂಚಿನವರೆಗೆ ನೋಡುವ ತಜ್ಞರ ಬಳಿಯೇ ಹೋಗಬೇಕು, ಅಥವಾ 200 ಡಿಗ್ರಿಯಷ್ಟು ಅಗಲ ನೋಡುವ ಕ್ಯಾಮೆರಾ ಇರುವಲ್ಲಿಗೆ.

ಯಾರು ಯಾವಾಗ ಪರೀಕ್ಷೆ ಮಾಡಿಸಬೇಕು? ನಮಗೆಲ್ಲ ಬರುವ ಟೈಪ್ 2 ಸಕ್ಕರೆ ಕಾಯಿಲೆಯಾದರೆ ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಟೈಪ್ 1 ಆದರೆ ಐದು ವರ್ಷದೊಳಗೆ ಶುರುಮಾಡಬೇಕು. ಮೊದಲೇ ಸಕ್ಕರೆ ಕಾಯಿಲೆ ಇದ್ದವರು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಏಕೆಂದರೆ ಬಸಿರಿನಲ್ಲಿ ರೆಟಿನೋಪಥಿ ಬೇಗ ಹೆಚ್ಚುತ್ತದೆ. ಬಸಿರಿನಲ್ಲಿ ಮಾತ್ರ ಬಂದು ಹೋಗುವ ಶುಗರಿಗೆ ಈ ಭಯ ಬೇಡ. ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಿಗೆ 10ನೇ ವಯಸ್ಸಿನಿಂದ, ಒಂದೆರಡು ವರ್ಷಕ್ಕೊಮ್ಮೆ. ಪೊರೆಯ ಆಪರೇಷನ್ ಮಾಡಿಸುವ ಸಕ್ಕರೆ ರೋಗಿಗಳೂ ಮೊದಲು ಪರದೆ ತೋರಿಸಿಕೊಳ್ಳಿ. ಪರದೆಯಲ್ಲಿ ನೀರು ನಿಂತಿದ್ದರೆ ಪೊರೆ ತೆಗೆದ ಮೇಲೆ ಅದು ಹೆಚ್ಚಬಹುದು.

ವಿಟ್ರೆಕ್ಟಮಿ ಆದ ಮೇಲಿನ ಆರೈಕೆ ಬಹುಮಟ್ಟಿಗೆ ನಮ್ಮಂಥ ಹೆಂಗಸರ ಕೈಯಲ್ಲೇ ಇರುವುದರಿಂದ ಎರಡು ಮಾತು. ಕಣ್ಣಲ್ಲಿ ಗ್ಯಾಸ್ ತುಂಬಿದ್ದರೆ ಡಾಕ್ಟರು ಹೇಳಿದಷ್ಟು ದಿನ ತಲೆ ತಗ್ಗಿಸಿಯೇ ಇರಬೇಕು. ಅದು ತಪಸ್ಸೇ ಸರಿ, ಆದರೆ ಪರದೆ ಕೂರುವುದು ಅದರಿಂದ. ಗ್ಯಾಸ್ ಕರಗುವವರೆಗೆ, ಗ್ಯಾಸಿನ ಬಗೆಯ ಮೇಲೆ ಸುಮಾರು ಎರಡು ವಾರದಿಂದ ಎಂಟು ವಾರ, ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದಂತೆ ಗ್ಯಾಸ್ ಉಬ್ಬಿ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಊರಿಗೆ ಹೋಗಲು ಖಂಡಾಲಾ ಘಾಟಾಗಲಿ, ಶಿರಾಡಿ ಘಾಟಿಯಾಗಲಿ ಹತ್ತುವುದಿದ್ದರೂ ಡಾಕ್ಟರನ್ನು ಕೇಳಿಯೇ ಹೊರಡಿ. ಸಿಲಿಕೋನ್ ಎಣ್ಣೆ ತುಂಬಿದ್ದರೆ ಅದನ್ನು ತೆಗೆಯಲು ಸಾಮಾನ್ಯವಾಗಿ ಎರಡನೇ ಆಪರೇಷನ್ ಬೇಕಾಗುತ್ತದೆ. ಅದರ ಖರ್ಚನ್ನೂ ರಜೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೊನೆಯದಾಗಿ ನಮ್ಮ ಬಗ್ಗೆ. ಜಗತ್ತಿನಲ್ಲಿ ದೃಷ್ಟಿದೋಷ ಇರುವವರಲ್ಲಿ ಶೇ. 55ರಷ್ಟು ಮಂದಿ ಹೆಂಗಸರು. ನಾವು ಹೆಚ್ಚು ವರ್ಷ ಬದುಕುವುದು ಒಂದು ಕಾರಣ. ಚಿಕಿತ್ಸೆಗೆ ಕೊನೆಯ ಸಾಲಿನಲ್ಲಿ ನಿಲ್ಲುವುದು ಇನ್ನೊಂದು. ಗಂಡನ ಚೆಕಪ್ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿರುತ್ತೇವೆ. ನಮ್ಮದು ‘ಹಬ್ಬ ಕಳೀಲಿ, ಪರೀಕ್ಷೆ ಮುಗೀಲಿ, ಮದುವೆ ಆಗಲಿ’. ಸೂಜಿಗೆ ದಾರ ಪೋಣಿಸಲು ಆಗದಿದ್ದರೆ ವಯಸ್ಸಾಯಿತು ಎಂದು ಮಗಳ ಕೈಗೆ ಕೊಡುತ್ತೇವೆ. ಪರದೆ ನಮ್ಮ ಹಬ್ಬಗಳಿಗೆ ಕಾಯುವುದಿಲ್ಲ.

ಸಿಕಲ್ ಸೆಲ್‌ನಲ್ಲಿ ಇನ್ನೊಂದು ಅನ್ಯಾಯ ಇದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗುಣ ಬಂದಿರುವುದು ತಂದೆ ತಾಯಿ ಇಬ್ಬರಿಂದಲೂ. ಆದರೆ ಮಗುವಿಗೆ ಕಾಯಿಲೆ ಎಂದಾಗ ಬೈಗುಳ ಬೀಳುವುದು ತಾಯಿಗೆ, ಪರೀಕ್ಷೆಯಲ್ಲಿ ವಾಹಕಿ ಎಂದು ತಿಳಿದರೆ ಸಂಬಂಧ ಮುರಿಯುವುದು ಹುಡುಗಿಯದು. ಮದುವೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸುವುದಾದರೆ ಹುಡುಗ ಹುಡುಗಿ ಇಬ್ಬರೂ ಮಾಡಿಸಲಿ. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಬರುವ ಭಯವಿಲ್ಲ ಎಂಬುದೂ ಮನೆಯವರಿಗೆ ತಿಳಿದಿರಲಿ. ಇನ್ನೊಬ್ಬರಿಗೆ ಥಲಸೀಮಿಯಾದಂಥ ಗುಣ ಇದೆಯೇ ಎಂದಷ್ಟೇ ಅದೇ ಪರೀಕ್ಷೆಯಲ್ಲಿ ನೋಡಿಕೊಂಡರೆ ಸಾಕು.

ಮಹಿಳಾ ವಿಭಾಗಕ್ಕೆ ನನ್ನದೊಂದು ಸಣ್ಣ ಕೋರಿಕೆ. ನಾವು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರದಲ್ಲಿ ಕನ್ನಡಕದ ನಂಬರಿನ ಜೊತೆ ಪಾಪೆ ಅಗಲಿಸಿ ಪರದೆ ನೋಡುವ ವ್ಯವಸ್ಥೆಯೂ ಇರಲಿ. ನಮ್ಮ ಸದಸ್ಯರಿಗೆ ಮಾತ್ರವಲ್ಲ, ನಮ್ಮ ಮನೆಗಳಲ್ಲಿ ದುಡಿಯುವ ಅಕ್ಕಂದಿರಿಗೂ ಒಂದು ಸಾಲು ಇರಲಿ. ನೋಂದಣಿ ಕಾಗದದಲ್ಲಿ ‘ಸಕ್ಕರೆ ಕಾಯಿಲೆ ಇದೆಯೇ’ ಎಂಬುದರ ಕೆಳಗೆ ‘ಸಿಕಲ್ ಸೆಲ್ ಪರೀಕ್ಷೆ ಆಗಿದೆಯೇ’ ಎಂದು ಇನ್ನೊಂದು ಪ್ರಶ್ನೆ ಸೇರಿಸೋಣ. ಆ ಒಂದು ಸಾಲಿನಿಂದ ಯಾರದೋ ಆಪರೇಷನ್ನಿನ ಯೋಜನೆಯೇ ಬದಲಾಗಬಹುದು.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಗೊತ್ತಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಯಾವ ಡಾಕ್ಟರನ್ನು ಕೇಳಬೇಕು ಎಂದು ಹೇಳುತ್ತೇನೆ.